ಸಡಿಲ ಬಿಟ್ಟ ಕೇಬಲ್ಲು

ಅಕ್ಕನ ಹಳೆಯ ಕಾರಿಗೆ ದೊಡ್ಡ ಎಂಜಿನ್ ಕೂರಿಸಿಕೊಟ್ಟವನು ಅವಳ ತಮ್ಮನೇ. ಹಳೇ ಕಾರುಗಳನ್ನು ಹೀಗೆ ಮಾರ್ಪಡಿಸುವುದರಲ್ಲಿ ಅವನ ಗ್ಯಾರೇಜು ಹೆಸರು ಮಾಡಿತ್ತು. ಗೇರ್‌ಬಾಕ್ಸ್ ಮಾತ್ರ ಮೊದಲಿನದೇ ಉಳಿದಿತ್ತು. ತಾನಾಗಿಯೇ ಗೇರು ಬದಲಿಸುವ ಆಟೊಮ್ಯಾಟಿಕ್.

ಆಮೇಲೆ ಒಂದು ಭಾನುವಾರ ಅಕ್ಕ ಅಮ್ಮನನ್ನು ಕೂರಿಸಿಕೊಂಡು ದಿಣ್ಣೆ ಹತ್ತುತ್ತಿದ್ದಳು. ಎಂಜಿನ್ ಅಬ್ಬರಿಸಿತು, ಕಾರು ಮುಂದೆ ಹೋಗಲಿಲ್ಲ. ಹಿಂದಕ್ಕೆ ಜಾರಿ ಯಾರದೋ ಕಾಂಪೌಂಡಿಗೆ ಗುದ್ದಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ.

ಮನೆಗೆ ಬಂದ ತಮ್ಮ ಗೇರ್‌ಬಾಕ್ಸ್ ಎಣ್ಣೆಯನ್ನು ಒಮ್ಮೆ ಮೂಸಿದ. ಸುಟ್ಟ ವಾಸನೆ. "ಎರಡು ಕಾಲಲ್ಲಿ ಬ್ರೇಕು, ಆಕ್ಸಿಲರೇಟರು ಎರಡೂ ಒಟ್ಟಿಗೆ ಒತ್ಕೊಂಡು ಓಡಿಸ್ತಿದ್ಯಲ್ಲಾ ಅಕ್ಕ, ಇನ್ನೇನಾಗುತ್ತೆ?" ಎಂದ.

"ಇಲ್ಲ ಕಣೋ, ನಾನು ಹಾಗೆ ಓಡಿಸಲ್ಲ. ಕಾರೇ ಜಾರ್ತಿತ್ತು."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ!"

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನೂ ನಕ್ಕಳು. ಅಕ್ಕ ಕೀಲಿಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಮರುದಿನದಿಂದ ಬಸ್ಸು ಹಿಡಿದು ಕೆಲಸಕ್ಕೆ ಹೋಗತೊಡಗಿದಳು.

ಬಿಡುವಾದಾಗ ತಮ್ಮ ಕಾರನ್ನು ಗ್ಯಾರೇಜಿಗೆ ತಂದು ಮೇಲೆತ್ತಿ ನಿಲ್ಲಿಸಿದ. ಎಣ್ಣೆಯ ಮಟ್ಟ ಸರಿಯಿತ್ತು. ಎಣ್ಣೆಯ ಒತ್ತಡ ಅಳೆಯುವ ಗೇಜು ಜೋಡಿಸಿ ಆಕ್ಸಿಲರೇಟರ್ ಒತ್ತಿದ. ಒತ್ತಿದಷ್ಟೂ ಏರಬೇಕಾದ ಮುಳ್ಳು ಸೋಮಾರಿಯಂತೆ ಕೆಳಗೇ ಬಿದ್ದುಕೊಂಡಿತ್ತು. ಪಂಪು ಕೆಟ್ಟಿರಬೇಕು ಎಂದುಕೊಂಡ. ಆದರೆ ಎಂಜಿನ್‌ನಿಂದ ಗೇರ್‌ಬಾಕ್ಸಿಗೆ ಹೋಗುವ ತೆಳು ಕೇಬಲ್ಲಿಗೆ ಕೈ ತಗುಲಿದಾಗ ಅದು ಜೋತುಬಿದ್ದಿರುವುದು ತಿಳಿಯಿತು. ಕಾಲು ಎಷ್ಟು ಒತ್ತುತ್ತಿದೆಯೆಂದು ಗೇರ್‌ಬಾಕ್ಸಿಗೆ ತಿಳಿಸುವುದು ಆ ಕೇಬಲ್ಲೇ. ಕೈಯಲ್ಲೇ ಎಳೆದು ನೋಡಿದ. ಮುಳ್ಳು ಚಂಗನೆ ಮೇಲೇರಿತು.

ಪಂಪಿಗೆ ಏನೂ ಆಗಿರಲಿಲ್ಲ. ಕೇಬಲ್ಲನ್ನು ಬಿಗಿಯಾಗಿ ಹಿಡಿಯಬೇಕಿದ್ದ ಕಬ್ಬಿಣದ ಪಟ್ಟಿ ಗಿಡ್ಡವಾಗಿತ್ತು. ಹೊಸ ಎಂಜಿನ್‌ಗೆಂದು ಅದನ್ನು ಕತ್ತರಿಸಿ ಬೆಸೆದವನು ಅವನೇ. ಅಕ್ಕ ಎಷ್ಟೇ ಒತ್ತಿದರೂ ಗೇರ್‌ಬಾಕ್ಸಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಒತ್ತಡ ಸಾಲದೆ ಒಳಗಿನ ಕ್ಲಚ್ ಪ್ಲೇಟುಗಳು ಜಾರಿ ಜಾರಿ ಸುಟ್ಟಿದ್ದವು.

ಅವನ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಸುತ್ತ ನೋಡಿದ. ಕೇಬಲ್ಲು ಹಳೆಯದಾಗಿತ್ತು ಎಂದರೆ ಮುಗಿಯಿತು, ಯಾರಿಗೆ ಗೊತ್ತಾಗುತ್ತದೆ? ಆ ಯೋಚನೆ ಬಂದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಅಲ್ಲಿಂದಲೇ ಫೋನ್ ಮಾಡಿದ.

"ಅಕ್ಕ, ತಪ್ಪು ನಂದೇ. ಕೇಬಲ್ ಸರಿಯಾಗಿ ಕಟ್ಟಿರಲಿಲ್ಲ."

ಅಕ್ಕ ಕೆಲಸ ಮುಗಿಸಿ ಮನೆಗೆ ಹೊರಟಿದ್ದಳು. ಬಸ್ಸಿನ ಸದ್ದು ಕೇಳುತ್ತಿತ್ತು.

"ನಂಗೊಬ್ಬಳಿಗೆ ಯಾಕೆ ಹೇಳ್ತೀಯ? ನೀನು ಎಲ್ಲರ ಮುಂದೆ ಅಂದಿದ್ದೆ, ಎಲ್ಲರ ಮುಂದೆ ಹೇಳು."

ಸಂಜೆ ಹೋಗಿ ಹೇಳಿದ. ತಲೆ ಎತ್ತಲಾಗಲಿಲ್ಲ. "ಹಾಗಾದ್ರೆ ನೆಲ ನಿಜವಾಗ್ಲೂ ಡೊಂಕಾಗಿತ್ತು ಅನ್ನು!" ಎಂದರು ಭಾವ. ಈ ಸಲ ಯಾರೂ ನಗಲಿಲ್ಲ. ಅಮ್ಮ ಮಗಳ ಬೆನ್ನ ಮೇಲೆ ಕೈಯಿಟ್ಟಳು. ತಮ್ಮನನ್ನು ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು.

ಅವನು ಗೇರ್‌ಬಾಕ್ಸ್ ಬಿಚ್ಚಿ, ಪ್ಲೇಟು ಬದಲಿಸಿ, ಹೊಸ ಪಟ್ಟಿ ಮಾಡಿ ಕೂರಿಸಿದ. ಕಾರು ಬೆಣ್ಣೆಯಂತೆ ಏರು ಹತ್ತುತ್ತಿತ್ತು. ಅಕ್ಕ ಮತ್ತೆ ಓಡಿಸತೊಡಗಿದಳು. ಆದರೆ ಅವನು ಪಕ್ಕದಲ್ಲಿ ಕೂತಾಗಲೆಲ್ಲ, ದಿಣ್ಣೆ ಕಂಡ ಕೂಡಲೇ, "ಸರಿಯಾಗಿ ಒತ್ತುತಿದೀನಾ ನೋಡೋ" ಎಂದು ಕೇಳುತ್ತಿದ್ದಳು.

"ಸರಿಯಾಗೇ ಒತ್ತುತಿದೀಯ ಅಕ್ಕ" ಎನ್ನುತ್ತಿದ್ದ ಅವನು, ಕಿಟಕಿಯ ಕಡೆಗೆ ಮುಖ ಮಾಡಿ.