ಖಾಲಿ ಕೊಕ್ಕೆ

ಆ ಬೆಳಗ್ಗೆ ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ನೆನೆಸಿ ಹಿಂಡದೆ ಬಿಟ್ಟ ಬಟ್ಟೆಯ ಹಾಗೆ ಆಕಾಶ ಕೋಟೆಯ ಬುರುಜುಗಳ ಮೇಲೆ ಜೋತುಬಿದ್ದಿತ್ತು.

ನಾದಿನಿ ಅರಮನೆ ನೋಡಲು ಟಿಕೆಟ್ ತಂದಳು. "ಅಣ್ಣ ಇದ್ದಾಗ ಬಿಟ್ಟಿ ಕರ್ಕೊಂಡು ಹೋಗಿ ತೋರಿಸ್ತೀನಿ ಅಂತಿದ್ದ. ಅವನ ಮಾತು ನಂಬ್ಕೊಂಡು ನನ್ನ ತಲೆ ನರೆತೋಯ್ತು ಅತ್ತಿಗೆ."

ಅತ್ತಿಗೆ ನಗಲಿಲ್ಲ. ಅಳಲೂ ಇಲ್ಲ. ಗಂಡ ಹೋದಂದಿನಿಂದ ಅವೆರಡೂ ಕೈಗೆಟುಕದ ಅಟ್ಟದ ಮೇಲಿನ ಪಾತ್ರೆಗಳಂತಾಗಿದ್ದವು. ದೇವರ ಮುಂದೆ ಕೂತರೆ ಪ್ರಾರ್ಥನೆ ತುಟಿಯಲ್ಲೇ ಹುಟ್ಟಿ ತುಟಿಯಲ್ಲೇ ಮುಗಿಯುತ್ತಿತ್ತು. ದೇವರು ಬೇಜಾರು ಮಾಡಿಕೊಳ್ಳುವವನಲ್ಲ ಎಂದು ಅವಳು ಸುಮ್ಮನೆ ಕೂತೇ ಇರುತ್ತಿದ್ದಳು.

ಈಗ ಅವಳ ಕೈಚೀಲದಲ್ಲಿ ಒಂದು ಹಿತ್ತಾಳೆಯ ಬಿಲ್ಲೆ ಇತ್ತು.

ಆ ಅರಮನೆಗೆ ಹಿಂದಿನಿಂದ ಬಂದ ಕಟ್ಟಳೆಯೊಂದಿತ್ತು. ಹೆಬ್ಬಾಗಿಲ ಪಕ್ಕದ ಹಲಗೆಯಲ್ಲಿ ಒಬ್ಬೊಬ್ಬ ಕೆಲಸಗಾರನಿಗೂ ಒಂದು ಕೊಕ್ಕೆ, ಕೊಕ್ಕೆಗೊಂದು ಬಿಲ್ಲೆ. ಒಳಗೆ ಹೋಗುವಾಗ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು, ಹೊರಡುವಾಗ ಮತ್ತೆ ತೂಗುಹಾಕಬೇಕು. ಕೊಕ್ಕೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆಂದೇ ಲೆಕ್ಕ. ಅವನನ್ನು ಕೂಗಿ ಹುಡುಕದೆ ಕಾವಲುಗಾರ ಬೀಗ ಹಾಕುವಂತಿಲ್ಲ.

ಅವಳ ಗಂಡ ಕನ್ನಡಿ ಮಹಲಿನ ಕನ್ನಡಿ ಒರೆಸುವವನು. ಎದೆ ಹಿಡಿದುಕೊಂಡು ಕುಸಿದ ದಿನ ಅವನನ್ನು ತೋಟದ ಬಾಗಿಲಿನಿಂದ ಆಸ್ಪತ್ರೆಗೆ ಒಯ್ದರು. ಬಿಲ್ಲೆ ಹೆಬ್ಬಾಗಿಲ ಕಡೆ ಬರಲೇ ಇಲ್ಲ; ಅಂಗಿಯ ಜೇಬಿನಲ್ಲಿ ಮನೆ ಸೇರಿತು. ಅಂದಿನಿಂದ ಕಾವಲುಗಾರ ಸಂಜೆ ಸಂಜೆಯೂ ಅಂಗಳ ಸುತ್ತಿ ಅವನನ್ನು ಕೂಗುತ್ತಿದ್ದಾನೆಂದು ಸುದ್ದಿ. ಬಿಲ್ಲೆ ತಲುಪಿಸಿ ಎಂದು ಹೇಳಿಕಳಿಸಿಯೂ ಇದ್ದ. ಅವಳು ತಲುಪಿಸಿರಲಿಲ್ಲ. ಅದು ತನ್ನ ಹತ್ತಿರ ಇರುವ ತನಕ ಲೋಕದಲ್ಲಿ ಒಂದು ಕಡೆಯಾದರೂ ಅವನು ಇದ್ದಾನೆ, ಒಬ್ಬರಾದರೂ ಅವನನ್ನು ಕರೆಯುತ್ತಾರೆ. ಕೊಟ್ಟರೆ ಆ ಕರೆಯೂ ನಿಲ್ಲುತ್ತದೆ.

ಹೆಬ್ಬಾಗಿಲಲ್ಲಿ ಕಾವಲುಗಾರ ಎದ್ದು ನಿಂತ. "ಬಂದ್ರಾ ಅಕ್ಕಾ. ಮೇಲಿನವರು ಬೇರೆ ಬಿಲ್ಲೆ ಮಾಡಿಸ್ತೀವಿ ಅಂದ್ರು. ಹಳೇದು ಇರೋವಾಗ ಹೊಸದು ಯಾಕೆ ಅಂದೆ."

"ಮೊದಲು ಒಳಗೆ ನೋಡ್ಕೊಂಡು ಬರ್ತೀನಿ," ಎಂದಳು.

"ನೋಡಿ, ನಿಧಾನಕ್ಕೆ ನೋಡಿ. ಆತುರ ಇರೋದು ನನ್ನ ಮೊಣಕಾಲಿಗೆ ಮಾತ್ರ."

ಇಬ್ಬರೂ ದರ್ಬಾರು ನೋಡಿದರು. ಗಾಜಿನ ಪೆಟ್ಟಿಗೆಯೊಳಗಿನ ಕತ್ತಿಗಳನ್ನು, ಯಾರದೋ ಮಗುವಿನ ಬೆಳ್ಳಿಯ ಗಿಲಕಿಯನ್ನು ನೋಡಿದರು. ರಾಜನ ಮಂಚದ ಮುಂದೆ ನಾದಿನಿ ನಿಂತಳು. "ಇಷ್ಟಗಲ ಮಂಚದಲ್ಲಿ ಜಗಳ ಆಡೋದು ಹೇಗೆ? ಆ ತುದಿಯಿಂದ ಈ ತುದಿಗೆ ದೂತನ್ನ ಕಳಿಸ್ಬೇಕು."

"ಹೂಂ," ಎಂದಳು ಅತ್ತಿಗೆ.

ಕನ್ನಡಿ ಮಹಲಿನಲ್ಲಿ ನೆಲದಿಂದ ಸೂರಿನವರೆಗೂ ಅವಳದೇ ಮುಖಗಳು. ಬೇರೆ ಯಾರದೋ ಮನೆಯ ಕಿಟಕಿಯಲ್ಲಿ ಕಂಡ ಹೆಂಗಸಿನ ಹಾಗೆ ಅವುಗಳನ್ನು ನೋಡಿದಳು. ಮುಖ ನೋಡ್ತಾ ಇದ್ರೆ ಕೊಳೆ ಕಾಣಲ್ಲ ಕಣೇ, ಗಾಜು ನೋಡ್ಬೇಕು ಎಂದು ಗಂಡ ಹೇಳುತ್ತಿದ್ದ. ಅವಳು ಗಾಜು ನೋಡಿದಳು. ಕೆಳಮೂಲೆಯಲ್ಲಿ ಯಾವುದೋ ಮಗುವಿನ ಬೆರಳ ಗುರುತು. ಒರೆಸೋಣವೆಂದು ಬಗ್ಗಿದವಳನ್ನು ಅಡ್ಡ ಕಟ್ಟಿದ ಹಗ್ಗ ತಡೆಯಿತು.

ತೋಟದಲ್ಲಿ ಕಾರಂಜಿ ಬತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತು ನಾದಿನಿ ಕಾಲು ನೀವಿಕೊಂಡಳು.

"ಕೊಟ್ಟು ಹೊರಡೋಣ ಅತ್ತಿಗೆ."

"ಸಂಜೆ ಆಗಲಿ."

"ಸಂಜೆ ಏನಿದೆ?"

"ಆ ಕೂಗು ಒಂದು ಸಲ ಕೇಳ್ಬೇಕು."

ನಾದಿನಿ ಚೀಲದಿಂದ ಬ್ರೆಡ್ಡು ತೆಗೆದು ಮುರಿದು, ದೊಡ್ಡ ಚೂರನ್ನು ಅತ್ತಿಗೆಯ ಮಡಿಲಲ್ಲಿಟ್ಟಳು.

ಗಂಟೆ ಹೊಡೆಯಿತು. ನೋಡಲು ಬಂದವರೆಲ್ಲ ಹೊರಟುಹೋದರು. ಇವರಿಬ್ಬರು ಕೂತಿದ್ದನ್ನು ಕಂಡರೂ ಕಾವಲುಗಾರ ಏಳಿಸಲಿಲ್ಲ. ಕೋಲೂರಿಕೊಂಡು ಕನ್ನಡಿ ಮಹಲಿನ ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿದ.

"ಕನ್ನಡಿಯಣ್ಣಾ... ಕೆಲಸ ಮುಗೀತಾ? ಬಾಗಿಲು ಹಾಕ್ತೀನಿ..."

ಕೇಳಬೇಕೆಂದಿದ್ದ ಕರೆ ಅದೇ. ಕೇಳಿದಳು. ಎದೆಯಲ್ಲಿ ಏನೂ ಅಲುಗಲಿಲ್ಲ.

ಕೂಗಿದ ಕಾವಲುಗಾರ ಅಲ್ಲಿಂದ ಕದಲಲಿಲ್ಲ. ಒಳಗಿದ್ದವನು ಬಟ್ಟೆ ಮಡಚಿ, ಏಣಿ ಇಳಿದು, ಓಗೊಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ತಲೆ ಒಂದು ಕಡೆ ವಾಲಿಸಿ ಕಿವಿಗೊಟ್ಟು ನಿಂತ. ಆಮೇಲೆ ಕುಂಟುತ್ತ ಉಗ್ರಾಣದ ಕಡೆ ನಡೆದ. ಅಲ್ಲಿಯೂ ಕೂಗಿದ, ಅಲ್ಲಿಯೂ ಕಾದ.

ಕೂಗುವುದನ್ನಷ್ಟೇ ಅವಳು ಇಷ್ಟು ದಿನ ನೆನೆದಿದ್ದಳು. ಕೂಗಿದವನು ಹೀಗೆ ಕಾಯುತ್ತಾನೆಂಬುದು ಹೊಳೆದೇ ಇರಲಿಲ್ಲ. ಬರದವನಿಗಾಗಿ ಕಾಯುವುದು ಎಂಥದ್ದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಬೆಂಚಿನಿಂದ ಎದ್ದಳು. ಕಾರಂಜಿಯ ಹತ್ತಿರ ಬಂದ ಕಾವಲುಗಾರ ಮತ್ತೆ ಕೂಗಲು ಉಸಿರೆಳೆದುಕೊಂಡಿದ್ದ. ಅವಳು ಅವನ ಅಂಗೈ ಬಿಡಿಸಿ ಬಿಲ್ಲೆಯನ್ನು ಇಟ್ಟು, ಬೆರಳುಗಳನ್ನು ಮುಚ್ಚಿದಳು.