ಮುಚ್ಚುವವನ ಕುರ್ಚಿ

ನನ್ನ ಷಡ್ಡಕನಷ್ಟು ಕೆಟ್ಟ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಇದ್ದಿದ್ದರೆ ನಮ್ಮ ಮಾವನವರು ಅವನನ್ನೇ ಹುಡುಕಿ ತಂದು ಕಿರಿಯ ಅಳಿಯನನ್ನಾಗಿ ಮಾಡಿಕೊಳ್ಳುತ್ತಿದ್ದರು. ಗಡಿಯಾರ ರಿಪೇರಿ ಅವನ ಕಸುಬು. ಮೂವತ್ತು ವರ್ಷ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತವನಿಗೆ ಪ್ರಪಂಚವೆಲ್ಲ ಕೆಟ್ಟುಹೋದ ಗಡಿಯಾರದ ಹಾಗೆಯೇ ಕಾಣುತ್ತದೆ. ನಾನು ಬೋರ್ಡು ಬರೆಯುವವನು. ಬೋರ್ಡಣ್ಣ ಎಂದರೆ ಏಳು ಬೀದಿಯ ನಾಯಿಗಳೂ ಬಾಲ ಅಲ್ಲಾಡಿಸುತ್ತವೆ. ನಾನು ಬರೆದ 'ಬಾಗಿಲು ಮುಚ್ಚಿದೆ' ಎಂಬ ಬೋರ್ಡು ಎಷ್ಟು ಚೆಂದವಿತ್ತೆಂದರೆ, ಅದನ್ನು ತೆಗೆಯಲು ಮನಸ್ಸು ಬಾರದೆ ಒಬ್ಬ ಬಟ್ಟೆ ವ್ಯಾಪಾರಿ ಎರಡು ತಿಂಗಳು ಅಂಗಡಿಯನ್ನೇ ತೆರೆಯಲಿಲ್ಲ.

ನಾವಿಬ್ಬರೂ ಒಂದೇ ಸಂಘದಲ್ಲಿದ್ದೇವೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಒಂದು ಉದ್ದ ಮೇಜು, ಐದು ಕುರ್ಚಿ, ಗಾಜಿನ ಬಾಗಿಲಿನ ಒಂದು ಬೀರು. ಪ್ರತಿ ಭಾನುವಾರ ಐದು ಜನ ಸೇರಿ ಪುಟ್ಟ ಕಾರು ಕಟ್ಟುತ್ತೇವೆ. ಅಸಲಿ ಕಾರಿನ ಇಪ್ಪತ್ತನಾಲ್ಕನೇ ಒಂದು ಪಾಲಿನ ಅಳತೆ, ಅಂಗೈ ಮೇಲೆ ನಿಲ್ಲುವಷ್ಟು. ಬೇರೆ ಸಂಘಗಳಲ್ಲಿ ಒಬ್ಬೊಬ್ಬರೂ ಒಂದೊಂದು ಕಾರು ಮಾಡುತ್ತಾರೆ. ನಮ್ಮಲ್ಲಿ ವರ್ಷಕ್ಕೆ ಒಂದೇ ಕಾರು, ಐವರದೂ ಅದೇ. ಆಸ್ಪತ್ರೆಯ ಕಾಂಪೌಂಡರು ಎಂಜಿನ್ನು ಮಾಡಿ ಅದಕ್ಕೆ ಕೂದಲೆಳೆಯಂಥ ವೈರು ಜೋಡಿಸುತ್ತಾರೆ. ಬೇಕರಿಯವನು ಬೆಳ್ಳಿ ಹಾಳೆ ಕತ್ತರಿಸಿ ಕಿಟಕಿಯ ಅಂಚು, ಬಂಪರು ಮಾಡುತ್ತಾನೆ. ಅಧ್ಯಕ್ಷೆ ಬಸ್ಸಕ್ಕ ಚಕ್ರ ಮತ್ತು ಅಡಿಗಟ್ಟು, ಅಂದರೆ ಕಾರಿನ ತಳ, ನೋಡಿಕೊಳ್ಳುತ್ತಾಳೆ. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು, ಅವಳು ಪಿಸುಗುಟ್ಟಿದರೆ ಕೆಳಗಿನ ಅಂಗಡಿಯಲ್ಲಿ ಸೈಕಲ್ ಬೆಲ್ಲು ತಾನಾಗಿ ಹೊಡೆದುಕೊಳ್ಳುತ್ತದೆ. ಕಾರಿನ ಒಳಗಿನ ಸೀಟು, ಸ್ಟೀರಿಂಗು, ಮೀಟರುಗಳು ನನ್ನ ಷಡ್ಡಕನ ಪಾಲು. ಹೊರಗಿನ ಬಣ್ಣ ನನ್ನದು. ಒಬ್ಬರ ಕೆಲಸ ಇನ್ನೊಬ್ಬರು ಮುಟ್ಟುವಂತಿಲ್ಲ.

ಕೊನೆಗೆ ಉಳಿಯುವುದು ಮುಚ್ಚುವ ಕೆಲಸ. ಬಣ್ಣ ಹಚ್ಚಿದ ಮೇಲ್ಕವಚವನ್ನು ಅಡಿಗಟ್ಟಿನ ಮೇಲೆ ಕೂರಿಸಿ ಅಂಟಿಸಿಬಿಟ್ಟರೆ ಮುಗಿಯಿತು, ಆಮೇಲೆ ಬ್ರಹ್ಮ ಬಂದರೂ ಒಳಕ್ಕೆ ಬೆರಳು ಹಾಕಲಾರ. ಹೀಗೆ ಮುಚ್ಚುವವನಿಗೆ ನಮ್ಮಲ್ಲಿ ಕಿಟಕಿ ಪಕ್ಕದ ಕುರ್ಚಿ. ಬೀರುವಿನ ಕೀಲಿ ಅವನ ಜೇಬಿನಲ್ಲಿ. ಮುಂದಿನ ವರ್ಷ ಯಾರು ಏನು ಮಾಡಬೇಕೆಂದು ಹಂಚುವವನೂ ಅವನೇ. ಕಾರಿನ ಮುಂದೆ ಇಡುವ ಚೀಟಿಯಲ್ಲಿ 'ಮುಚ್ಚಿದವರು' ಎಂದು ಅವನೊಬ್ಬನ ಹೆಸರು ಮಾತ್ರ. ಒಂಬತ್ತು ವರ್ಷದಿಂದ ಆ ಕುರ್ಚಿ ನನ್ನದು. ಕೂತು ಕೂತು ಅದಕ್ಕೆ ನನ್ನ ಆಕಾರವೇ ಬಂದಿದೆ. ಮುಚ್ಚಿದ ಕಾರು ಕೆಟ್ಟರೆ ಕುರ್ಚಿ ಬಿಡಬೇಕು ಎಂದು ಗೋಡೆಯ ಮೇಲೆ ಒಂದು ನಿಯಮವೂ ಇದೆ. ಅದನ್ನು ಮೂರು ಬಣ್ಣದಲ್ಲಿ, ನೆರಳು ಕೊಟ್ಟು, ನಾನೇ ಬರೆದದ್ದು. ಅಕ್ಷರ ಬಹಳ ಚೆನ್ನಾಗಿ ಬಂದಿದೆ.

ಷಡ್ಡಕನಿಗೂ ನನಗೂ ನಾಲ್ಕು ವರ್ಷದಿಂದ ಮಾತಿಲ್ಲ. ಒಮ್ಮೆ ನಾನು ಮಾಡಿದ ಕೆಂಪು ಬಣ್ಣವನ್ನು ಮಸೂರದಲ್ಲಿ ನೋಡಿ, ಎಲ್ಲರೆದುರು, "ಕಿತ್ತಳೆ ಸಿಪ್ಪೆ ಥರ ಇದೆ" ಅಂದ. ಬಣ್ಣ ಸಿಂಪಡಿಸುವವನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಮೈ ನುಣುಪಾಗಿಲ್ಲ, ಗುಳಿಗುಳಿ ಎಂದರ್ಥ. ನಾನು ಅವನ ಸ್ಟೀರಿಂಗನ್ನು ಕೋಡುಬಳೆ ಅಂದೆ. ಅಂದಿನಿಂದ ಒಂದೇ ಮೇಜಿನಲ್ಲಿ ಕೂತು ಮೂರನೆಯವರ ಮೂಲಕ ಬೈದುಕೊಳ್ಳುತ್ತೇವೆ.

"ಕಾಂಪೌಂಡರೇ, ಕೆಲವರು ಉಸಿರು ಬಿಟ್ರೂ ನನ್ನ ಬಣ್ಣದ ಮೇಲೆ ಧೂಳು ಕೂರುತ್ತೆ ಅಂತ ಹೇಳಿ."

"ಕಾಂಪೌಂಡರೇ, ಕೆಲವರು ಬಾಯಿ ಬಿಟ್ರೆ ಉಗುಳೇ ಕೂರುತ್ತೆ ಅಂತ ಹೇಳಿ."

ಕಾಂಪೌಂಡರು ಪಾಪ, ಹದಿನೈದು ನಿಮಿಷಕ್ಕೊಮ್ಮೆ ಎದ್ದು ನೀರು ಕುಡಿದು ಬರುತ್ತಿದ್ದರು.

ಈ ವರ್ಷ ಹಳೆಯ ಕಾಲದ ಒಂದು ಉದ್ದ ಮೂತಿಯ ಕಾರು. ನಾನು ಅದಕ್ಕೆ ಕಡುನೀಲಿ ಹಚ್ಚಿದೆ. ಹನ್ನೊಂದು ಪದರ. ಪ್ರತಿ ಪದರ ಒಣಗಿದ ಮೇಲೆ ಉಜ್ಜಿ, ಮತ್ತೆ ಹಚ್ಚಿ, ಮತ್ತೆ ಉಜ್ಜಿ, ಕೊನೆಗೆ ಅದರ ಬಾನೆಟ್ಟಿನಲ್ಲಿ ಬೇಕರಿಯವನು ಮುಖ ನೋಡಿಕೊಂಡು ಮೀಸೆ ಕತ್ತರಿಸಿಕೊಂಡ. ಷಡ್ಡಕ ಮಾಡಿದ್ದು ಮೀಟರುಗಳು. ಸಾಸಿವೆ ಕಾಳಿನಷ್ಟು ದೊಡ್ಡವು ಐದು, ಪ್ರತಿಯೊಂದರಲ್ಲೂ ಅಂಕಿ, ಮುಳ್ಳು. ಆ ಮುಳ್ಳುಗಳನ್ನು ಹೆಂಗಸರ ಕೈಗಡಿಯಾರದ ಒಳಗಿನ ತಂತಿಯಿಂದ ಮಾಡಿದ್ದನಂತೆ. ಎಂಟು ತಿಂಗಳು ಅದಕ್ಕೇ ಹೋಯಿತು. ನಾನೂ ಮಸೂರ ಹಿಡಿದು ನೋಡಿದೆ. ಯಾರೂ ಇಲ್ಲದಾಗ. ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಅಂದು ನನಗೆ ಊಟ ಸೇರಲಿಲ್ಲ.

ಭಾನುವಾರ ಎಲ್ಲರೆದುರು ಮುಚ್ಚುವುದು, ಸೋಮವಾರ ಕಾರು ಗ್ರಂಥಾಲಯದ ಬಾಗಿಲಲ್ಲಿರುವ ಗಾಜಿನ ಪೆಟ್ಟಿಗೆಗೆ ಹೋಗಿ ವರ್ಷವಿಡೀ ಅಲ್ಲಿರುವುದು ಎಂದು ಬಸ್ಸಕ್ಕ ಗೊತ್ತು ಮಾಡಿದ್ದಳು. ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಹೆಂಡತಿ ಹೇಳಿದಳು, "ತಂಗಿ ಫೋನ್ ಮಾಡಿದ್ಲು. ಈ ಸಲ ಒಳಗಿನ ಕೆಲಸಾನೇ ಹೆಚ್ಚಂತೆ, ಅದಕ್ಕೆ ಒಳಗಿನ ಕೆಲಸ ಮಾಡಿದವರೇ ಮುಚ್ಚಬೇಕು ಅಂತ ನಾಳೆ ಅವಳ ಗಂಡ ಕೇಳ್ತಾರಂತೆ. ಬಸ್ಸಕ್ಕ ಹೂಂ ಅಂದಿದಾಳಂತೆ."

"ಯಾರ ಗಂಡ?"

"ನನಗೆ ಇರೋದು ಒಬ್ಬಳೇ ತಂಗಿ, ಅವಳ ಗಂಡ. ನಿಮ್ಮ ಅಚ್ಚುಮೆಚ್ಚಿನವರು."

ತಟ್ಟೆ ತಳ್ಳಿ ಎದ್ದೆ. ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ.

"ಎಲ್ಲಿಗೆ?"

"ಮುಚ್ಚೋಕೆ."

"ಬಾಯಿ ಮುಚ್ಚಿ ಬನ್ನಿ ಸಾಕು," ಅಂದಳು. ಅವಳಿಗೆ ಆ ಮನೆಯ ರಕ್ತ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಬೀರು ತೆಗೆದು ಕಾರಿನ ಎರಡೂ ಭಾಗ ಮೇಜಿನ ಮೇಲಿಟ್ಟೆ. ಮುಚ್ಚುವುದಕ್ಕೆ ಒಂದು ರೀತಿ ಇದೆ. ಬಿಳಿ ಗೋಂದು ಹಚ್ಚಿ, ರಬ್ಬರ್ ಬ್ಯಾಂಡು ಸುತ್ತಿ, ಕೋಣೆಯ ಕಿಟಕಿ ತೆರೆದು ಒಂದು ಹಗಲು ಒಂದು ರಾತ್ರಿ ಬಿಡಬೇಕು. ಆದರೆ ಬಿಳಿ ಗೋಂದು ದಯಾಳು. ನಾಳೆ ಷಡ್ಡಕ ತಗಾದೆ ತೆಗೆದರೆ ಬಿಸಿನೀರಿನ ಬಟ್ಟೆ ಒತ್ತಿ ಬಿಡಿಸಿ, ಅವನೇ ಮತ್ತೆ ಮುಚ್ಚಬಹುದು. ನನಗೆ ಯಾರೂ ಬಿಡಿಸಲಾಗದ ಅಂಟು ಬೇಕಿತ್ತು. ಕಾಂಪೌಂಡರ ಡಬ್ಬಿಯಲ್ಲಿ ಸೂಪರ್ ಗ್ಲೂ ಇತ್ತು. ಕ್ಷಣದಲ್ಲಿ ಹಿಡಿಯುತ್ತದೆ, ಜನ್ಮಕ್ಕೂ ಬಿಡುವುದಿಲ್ಲ.

ಗಾಜಿನ ಹತ್ತಿರ ಸೂಪರ್ ಗ್ಲೂ ಹಾಕಬಾರದೆಂದು ನಮ್ಮಲ್ಲಿಗೆ ಬಂದ ಹೊಸಬರಿಗೆ ಮೊದಲ ದಿನವೇ ಹೇಳುತ್ತೇವೆ. ಹೇಳುವವನು ನಾನೇ. ಅದರ ಹಬೆ ಮೆಲ್ಲಗೆ ಏಳುತ್ತದೆ, ಹೋಗಲು ದಾರಿಯಿಲ್ಲದಿದ್ದರೆ ಹೋಗಿ ಹೋಗಿ ಗಾಜಿನ ಮೇಲೇ ಕೂರುತ್ತದೆ. ಗೊತ್ತಿತ್ತು. ಆದರೆ ಅದೆಲ್ಲ ಕೈ ನಡುಗುವವರಿಗೆ. ನನ್ನಂಥ ಕೈಗೆ ಹಬೆಯೂ ಹೆದರುತ್ತದೆ ಅಂದುಕೊಂಡೆ. ಎರಡು ಹನಿ ಸಾಕು ಅಂದುಕೊಂಡು ಏಳು ಹನಿ ಹಾಕಿದೆ. ಒತ್ತಿ ಹಿಡಿದು ನೂರು ಎಣಿಸುವಷ್ಟರಲ್ಲಿ ಕೆಳಗೆ ಷಡ್ಡಕನ ಕೆಮ್ಮು ಕೇಳಿಸಿತು. ಕಾರನ್ನು ಅದರ ಪಾರದರ್ಶಕ ಪೆಟ್ಟಿಗೆಗೆ ಹಾಕಿ, ಮುಚ್ಚಳ ಬಿಗಿದು, ಮೇಲೊಂದು ಬಟ್ಟೆ ಹೊದಿಸಿ, ಬೀರುವಿನಲ್ಲಿಟ್ಟು ಬೀಗ ಜಡಿದೆ.

ಮೆಟ್ಟಿಲ ಮೇಲೆ ಎದುರಾದ. ಮೂರನೆಯವರು ಯಾರೂ ಇಲ್ಲ. ಅವನು ಗೋಡೆಯ ಕಡೆ ತಿರುಗಿ ಹೇಳಿದ, "ಒಂದು ಮುಳ್ಳು ಸ್ವಲ್ಪ ಸರಿ ಮಾಡೋದಿತ್ತು. ಕೀಲಿ ಬೇಕಿತ್ತು."

ನಾನು ಇನ್ನೊಂದು ಗೋಡೆಗೆ ಹೇಳಿದೆ, "ಕೀಲಿ ಮನೇಲಿದೆ."

ಅವನು ನನ್ನ ಜೇಬನ್ನು ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ಅಲ್ಲೇ ಇತ್ತು. ಬಂದ ಹಾಗೇ ಇಳಿದು ಹೋದ. ನಾನು ಮನೆಗೆ ಹೋಗಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.

ಭಾನುವಾರ ಐವರೂ ಕೂತ ಮೇಲೆ ಬಸ್ಸಕ್ಕ ಗಂಟಲು ಸರಿಮಾಡಿಕೊಂಡಳು. "ಮುಚ್ಚೋ ವಿಚಾರ ಒಂದು ಮಾತಾಡೋದಿದೆ."

"ಮಾತಾಡೋದು ಏನೂ ಇಲ್ಲ ಅಕ್ಕ," ಅಂದೆ. "ನಿನ್ನೆ ಮುಚ್ಚಿಯಾಯ್ತು. ಕುರ್ಚಿ ನಂದು, ಕೈ ನಂದು, ಮುಚ್ಚಿದೆ. ಹೀಗೆ ಮುಚ್ಚಿದವರು ಹಿಂದೆ ಇಲ್ಲ, ಮುಂದೆ ಹುಟ್ಟಲ್ಲ."

ಬೀಗ ತೆಗೆದೆ. ಪೆಟ್ಟಿಗೆ ತಂದು ಮೇಜಿನ ನಡುವೆ ಇಟ್ಟೆ. ಮದುಮಗಳ ಮುಸುಕು ಸರಿಸುವ ಹಾಗೆ ಬಟ್ಟೆ ಸರಿಸಿದೆ.

ನೀಲಿ ಬಣ್ಣ ಫಳಫಳ ಹೊಳೆಯುತ್ತಿತ್ತು. ಕಿಟಕಿಗಳು ಬೆಳ್ಳಗಿದ್ದವು. ಮುಂದಿನ ಗಾಜು, ಹಿಂದಿನದು, ಪಕ್ಕದ ನಾಲ್ಕು, ಎಲ್ಲವೂ ಒಳಗಿನಿಂದ ಹಾಲು ಬಳಿದ ಹಾಗೆ. ಪೊರೆ ಬಂದ ಆರು ಕಣ್ಣು ನನ್ನನ್ನೇ ನೋಡುತ್ತಿದ್ದವು. ಸೀಟಿಲ್ಲ, ಸ್ಟೀರಿಂಗಿಲ್ಲ, ಐದು ಮೀಟರಿಲ್ಲ.

ಬೇಕರಿಯವನು, "ಹಿಟ್ಟು ಬಿತ್ತಾ?" ಅಂದ. ಅವನಿಗೆ ಎಲ್ಲವೂ ಹಿಟ್ಟೇ.

"ಮಂಜು," ಅಂದೆ ನಾನು. "ಚಳಿಗಾಲದ ಬೆಳಗ್ಗೆ ಕಾರು ಹೀಗೇ ಇರುತ್ತೆ. ಬೇಕಂತಲೇ ಮಾಡಿದ್ದು."

ಷಡ್ಡಕ ಮಸೂರ ಹಾಕಿಕೊಳ್ಳಲಿಲ್ಲ. ಬರಿಗಣ್ಣಿನಲ್ಲೇ ಬಹಳ ಹೊತ್ತು ನೋಡಿದ. ಆಮೇಲೆ ನಾಲ್ಕು ವರ್ಷದಲ್ಲಿ ಮೊದಲ ಸಲ ನೇರ ನನ್ನ ಮುಖಕ್ಕೆ, "ಎಷ್ಟು ಹನಿ ಹಾಕಿದೆ?" ಎಂದ.

"ಎರಡು."

"ಎಷ್ಟು?"

"ಏಳು."

ಕಾಂಪೌಂಡರು ತಮ್ಮ ಡಬ್ಬಿ ತೆರೆದು ಖಾಲಿ ಟ್ಯೂಬನ್ನು ನೋಡಿ ಮತ್ತೆ ಮುಚ್ಚಿದರು. ಆ ಶಬ್ದ ನನ್ನ ಕಿವಿಯಲ್ಲಿ ಇನ್ನೂ ಇದೆ.

ನಾನು ಸುಮ್ಮನೆ ಕೂರುವ ಜಾತಿಯವನಲ್ಲ. ಅರ್ಧ ನಿಮಿಷದಲ್ಲಿ ಉಪಾಯ ಹೊಳೆಯಿತು. ಮೇಲ್ಛಾವಣಿಯನ್ನು ಸಣ್ಣ ಗರಗಸದಿಂದ ಕತ್ತರಿಸಿ ತೆಗೆದರೆ ಕೈ ಒಳಗೆ ಹೋಗುತ್ತದೆ. ಗಾಜು ಒರೆಸಬಹುದು, ಮೀಟರು ಉಳಿಯುತ್ತವೆ. ಬಣ್ಣ ಹಾಳಾಗುತ್ತದೆ, ಹನ್ನೊಂದು ಪದರವೂ ಸಿಪ್ಪೆಯಾಗುತ್ತದೆ. ಆಗಲಿ. ಗ್ರಂಥಾಲಯಕ್ಕೆ ಒಂದು ತಿಂಗಳು ತಡವಾಗಿ ಹೋದರೆ ಆಕಾಶ ಬೀಳುವುದಿಲ್ಲ. ಹೊಸ ಬಣ್ಣ ಹಚ್ಚಿದ ಮೇಲೆ ಈ ಭಾನುವಾರ ಏನಾಯಿತೆಂಬುದು ಈ ಐವರಿಗಲ್ಲದೆ ಯಾರಿಗೂ ತಿಳಿಯುವುದಿಲ್ಲ. ಕುರ್ಚಿಯೂ ಉಳಿಯುತ್ತದೆ.

ಗರಗಸ ಕೈಗೆತ್ತಿಕೊಂಡೆ. "ನನ್ನ ಬಣ್ಣ ನಾನೇ ಕತ್ತರಿಸ್ತೀನಿ. ಇಂಥ ತ್ಯಾಗ ಯಾರೂ ಮಾಡಿರಲ್ಲ, ಬರೆದಿಟ್ಕೊಳ್ಳಿ."

"ಬೇಡ," ಅಂದ ಷಡ್ಡಕ.

"ನಿನ್ನ ಮೀಟರು ಉಳಿಸ್ತಿದೀನಯ್ಯ."

"ಉಳಿಸ್ಬೇಡ. ಹೀಗೇ ಇರ್ಲಿ."

"ಎಂಟು ತಿಂಗಳ ಕೆಲಸ ಅದು. ಯಾರಿಗೂ ಕಾಣಲ್ಲ."

"ಕಾಣೋದು ಬೇಡ." ಅವನ ದನಿ ಗಡಿಯಾರದ ಹಾಗೆ ಒಂದೇ ಸಮ ನಡೆಯಿತು. "ನನ್ನ ಐದು ಮೀಟರು ಒಳಗೆ ಸಾಯ್ಲಿ. ಗ್ರಂಥಾಲಯದಲ್ಲಿ ಬರೋರು ಹೋಗೋರು ಕಿಟಕಿ ಯಾಕೆ ಹೀಗಿದೆ ಅಂತ ಬಗ್ಗಿ ನೋಡ್ತಾರೆ. ನೋಡಿ ಚೀಟಿ ಓದ್ತಾರೆ. ಚೀಟೀಲಿ ಒಂದೇ ಹೆಸರಿರುತ್ತೆ. ಅಷ್ಟು ಸಾಕು ನನಗೆ."

ಇಂಥ ದ್ವೇಷ ನಾನು ನೋಡಿರಲಿಲ್ಲ. ಹೊಟ್ಟೆಕಿಚ್ಚಿನಲ್ಲಿ ನಾನೇ ಪ್ರಪಂಚಕ್ಕೆ ಮೊದಲಿಗ ಅಂದುಕೊಂಡಿದ್ದೆ. ಆ ಪಟ್ಟವೂ ಅಂದು ಹೋಯಿತು.

"ಅಕ್ಕ, ನೀವಾದ್ರೂ ಹೇಳಿ," ಅಂದೆ.

ಬಸ್ಸಕ್ಕ ಕೈ ಎತ್ತಿಸಿದಳು. ಕತ್ತರಿಸೋದು ಬೇಕು ಅನ್ನುವವರು ಯಾರು? ನನ್ನ ಕೈಯೊಂದೇ ಮೇಲಿತ್ತು, ಅದರಲ್ಲಿ ಗರಗಸವಿತ್ತು. ಬೇಡ ಅನ್ನುವವರು ಮೂವರು. ಕಾಂಪೌಂಡರು ನೀರು ಕುಡಿಯಲು ಎದ್ದು ಹೋಗಿದ್ದರು.

"ನಿಮಗೆಲ್ಲ ತಲೆ ಕೆಟ್ಟಿದೆಯಾ? ಸಂಘದ ಮಾನ ಹೋಗುತ್ತೆ."

"ಸಂಘದ್ದು ಯಾಕೆ ಹೋಗುತ್ತಪ್ಪ," ಅಂದಳು ಬಸ್ಸಕ್ಕ. "ಚೀಟೀಲಿ ಸಂಘದ ಹೆಸರು ಹಾಕ್ಬಾರ್ದು ಅಂತ ಒಂಬತ್ತು ವರ್ಷ ಜಗಳ ಆಡಿದ್ದು ನೀನೇ ಅಲ್ವಾ?" ಆಮೇಲೆ ಗೋಡೆಯ ಕಡೆ ಗದ್ದ ಎತ್ತಿದಳು. "ಅದನ್ನ ಒಂದ್ಸಲ ಓದು. ನಂಗೆ ಕನ್ನಡಕ ಇಲ್ಲ."

ನಾನು ಓದಲಿಲ್ಲ. ಬೇಕರಿಯವನು ಗಟ್ಟಿಯಾಗಿ, ಒಂದಕ್ಷರ ಬಿಡದೆ ಓದಿದ. ಓದುವುದಕ್ಕೆ ಅವನಿಗೆ ಎಂದೂ ಅಷ್ಟು ಉತ್ಸಾಹ ಇರಲಿಲ್ಲ.

ಕೀಲಿಯನ್ನು ಮೇಜಿನ ಮೇಲೆ ಎಸೆದೆ. ಷಡ್ಡಕ ಅದನ್ನು ಎತ್ತಿ ಅಂಗಿಯ ತುದಿಯಿಂದ ಒರೆಸಿ ಜೇಬಿಗೆ ಹಾಕಿಕೊಂಡ. ಕಿಟಕಿ ಪಕ್ಕದ ಕುರ್ಚಿಗೆ ಹೋಗಿ ಕೂತು, ಎರಡು ಸಲ ಸರಿದಾಡಿದ. ನನ್ನ ಆಕಾರ ಅವನಿಗೆ ಹಿಡಿಸಲಿಲ್ಲ ಅಂತ ಕಾಣುತ್ತದೆ. ನನಗೆ ಉಳಿದದ್ದು ಅವನ ಹಳೆಯ ಜಾಗ, ಬಾಗಿಲಿನ ಹತ್ತಿರ, ಒಂದು ಕಾಲು ಗಿಡ್ಡವಿರುವ ಕುರ್ಚಿ. ಅದರಲ್ಲಿ ಎಂಟು ತಿಂಗಳು ಅಲುಗಾಡದೆ ಕೂತು ಆ ಮುಳ್ಳುಗಳನ್ನು ಹೇಗೆ ಮಾಡಿದನೋ ಅವನಿಗೇ ಗೊತ್ತು.

ಕಾರು ಸೋಮವಾರ ಗ್ರಂಥಾಲಯಕ್ಕೆ ಹೋಯಿತು. ಅಲ್ಲಿಗೆ ನಾನು ದಿನಕ್ಕೆ ಒಂದೇ ಸಲ ಹೋಗುತ್ತೇನೆ, ಹೆಚ್ಚೆಂದರೆ ಮೂರು. ನಿನ್ನೆ ಒಬ್ಬರು ಮುದುಕರು ಬಗ್ಗಿ ಬಗ್ಗಿ ನೋಡಿ, ಒಳಗೇನಿದೆ ಎಂದು ಕೇಳಿದರು. ಐದು ಮೀಟರಿದೆ, ಸಾಸಿವೆಗಿಂತ ಸಣ್ಣದು, ಪ್ರಪಂಚದಲ್ಲೇ ಎಲ್ಲೂ ಇಲ್ಲ ಎಂದು ಹೇಳಿದೆ. ನೀವು ನೋಡಿದೀರಾ ಅಂದರು. ಹೌದು, ನೋಡಿದವನು ನಾನೊಬ್ಬನೇ ಅಂದೆ. ಅವರು ನಂಬಲಿಲ್ಲ. ಮೊದಲ ಸಲ ನಿಜ ಹೇಳಿದ್ದೆ, ಹೆಚ್ಚುಕಡಿಮೆ.

ಮುಂದಿನ ಭಾನುವಾರ ಷಡ್ಡಕ ಹೊಸ ಕಾರಿನ ಬಿಡಿಭಾಗಗಳ ಡಬ್ಬಿ ಒಡೆದು ಕೆಲಸ ಹಂಚಿದ. ಎಂಜಿನ್ನು ಕಾಂಪೌಂಡರಿಗೆ. ಬೆಳ್ಳಿ ಹಾಳೆ ಬೇಕರಿಯವನಿಗೆ. ಬಣ್ಣ, ಕೇಳಿ, ಬಸ್ಸಕ್ಕನಿಗೆ. ಅವಳು ಜೀವಮಾನದಲ್ಲಿ ಹಚ್ಚಿದ ಬಣ್ಣ ಉಗುರಿಗೆ ಮಾತ್ರ. ನನ್ನ ಮುಂದೆ ನಾಲ್ಕು ಕಪ್ಪು ಟೈರು ಸುರಿದ. ಅಚ್ಚಿನಿಂದ ಬಂದಾಗ ಟೈರಿನ ನಡುವೆ ಒಂದು ಗೆರೆ ಉಳಿದಿರುತ್ತದೆ. ಅದನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯಬೇಕು. ಸಂಘಕ್ಕೆ ಬಂದ ಮೊದಲ ವಾರ ಯಾರಿಗಾದರೂ ಕೊಡುವ ಕೆಲಸ ಅದು.

ಎದ್ದು ಹೋಗಬಹುದಿತ್ತು. ಬಾಗಿಲು ಪಕ್ಕದಲ್ಲೇ ಇತ್ತು. ಹೋದರೆ ಅವನು ಸುಖವಾಗಿ ಇರುತ್ತಾನೆ, ಅದು ನನಗೆ ಆಗುವ ಮಾತಲ್ಲ. ಉಪ್ಪುಕಾಗದ ಹರಿದು ಉಜ್ಜಲು ಶುರುಮಾಡಿದೆ. ಇದನ್ನು ಹೇಳಲೇಬೇಕು, ಅಷ್ಟು ದುಂಡನೆಯ ಟೈರು ಚಂದ್ರನಿಗೂ ಇಲ್ಲ.

ಸಂಜೆ ನಾಲ್ಕನ್ನೂ ಅವನ ಮುಂದೆ ಸಾಲಾಗಿ ನಿಲ್ಲಿಸಿದೆ. ಮಸೂರ ಸಿಕ್ಕಿಸಿಕೊಂಡು ಒಂದೊಂದನ್ನೂ ತಿರುಗಿಸಿ ನೋಡಿದ. ಮೂರನೆಯದನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಕಡೆ ಉರುಳಿಸಿದ.

"ಗೆರೆ ಇದೆ," ಅಂದ.

"ಇಲ್ಲ."

"ಇದೆ. ಉಜ್ಜು."

ಗೆರೆ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು. ನಾನು ಟೈರು ತೆಗೆದುಕೊಂಡು ಕೂತೆ.