ಸಾರಿಸಿದ ರಸ್ತೆ

ಮಳಗಿ ಊರಿನಿಂದ ಕಾಡು ಹೊಕ್ಕು ಕೆರೆಯ ದಂಡೆಗುಂಟ ಹೋಗುವ ರಸ್ತೆಗೆ ಸೋಮಪ್ಪ ಮೇಸ್ತ್ರಿ. ಆ ಸೀಮೆ ಮುಂಬಯಿಯಿಂದ ಬೇರೆಯಾಗಿ ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷವಾಗಿತ್ತು. ಹೆಸರಿಗೆ ಸರಕಾರಿ ರಸ್ತೆ, ಮಾಡಿದ್ದು ಮಾತ್ರ ಗಾಡಿಯ ಸೊಂಟ ಮುರಿಯಲಿಕ್ಕೆ. ಆದರೂ ಕೆರೆಯಂಚಿನ ಹಳ್ಳಿಗಳಿಗೆ ಮುಂಡಗೋಡದ ದವಾಖಾನೆ ಮುಟ್ಟಲು ಬೇರೆ ದಾರಿಯಿರಲಿಲ್ಲ. ಕೆರೆಯ ತುದಿಗೆ ಹೊಸ ಬಂಗಲೆಯೊಂದು ಎದ್ದಿತ್ತು. ಸಾಹೇಬರುಗಳು ಬಾತುಕೋಳಿ ಹೊಡೆಯಲು, ದೋಣಿಯಲ್ಲಿ ತೇಲಲು ಬರುತ್ತಿದ್ದರು.

ಆ ಬೇಸಿಗೆ ದೊಡ್ಡ ಸಾಹೇಬರು ಬರುವವರಿದ್ದರು. ತಗ್ಗು ತುಂಬಲು ಜಲ್ಲಿಕಲ್ಲು ಬರಲಿಲ್ಲ. ರಸ್ತೆ ಚೊಕ್ಕ ಇರಬೇಕೆಂಬ ಹುಕುಂ ಬಂತು. ಸೋಮಪ್ಪನೂ ರೈತನ ಮಗನೇ. ಅಂಚು ಬತ್ತಿದ ಕೆರೆಯಿಂದ ನುಣ್ಣನೆಯ ಗೋಡುಮಣ್ಣು ತಂದು ತಗ್ಗು ತುಂಬಿಸಿದ. ಹೆಂಗಸರನ್ನು ಕೂರಿಸಿ, ಮೇಲೆ ಸೆಗಣಿಯಿಂದ ಅಂಗಳದಂತೆ ಸಾರಣೆ ಮಾಡಿಸಿದ. ಬಾಣಂತನಕ್ಕೆ ಬಂದಿದ್ದ ಮಗಳು ಕಾಶೆವ್ವ, ತುಂಬಿದ ಬಸುರಿ, ಬೇಡವೆಂದರೂ ಕೇಳದೆ ಕೆರೆ ಏರಿಯ ಇಳಿಜಾರಿನಲ್ಲಿ ಕೂತು ಕೈಯಾಡಿಸಿದಳು.

"ಅಪ್ಪಾ, ನಮ್ಮನಿ ಪಡಸಾಲಿಗಿಂತ ಚಂದ ಆಗೇತಿ ನೋಡ" ಎಂದು ನಕ್ಕಳು.

ಸಾಹೇಬರ ಜೀಪು ಕುಲುಕದೆ ಹೋಯಿತು. "ಶಾಬಾಸ್" ಎಂದರಂತೆ. ಸೋಮಪ್ಪನ ಕಾಲು ನೆಲಕ್ಕೆ ಹತ್ತಲಿಲ್ಲ.

ಆ ವಾರವೇ ಒಂದು ಮಧ್ಯಾಹ್ನ ಕಾಶೆವ್ವನಿಗೆ ಹೆರಿಗೆ ನೋವು ಹತ್ತಿತು, ಹೊರಗೆ ಅಕಾಲದ ಮಳೆ ಹೊಡೆಯಿತು.

"ಕೂಸು ಅಡ್ಡ ಐತ್ರಿ, ನನ್ನ ಕೈಲೆ ಆಗಂಗಿಲ್ಲ, ದವಾಖಾನಿಗೆ ಒಯ್ರಿ" ಎಂದು ಸೂಲಗಿತ್ತಿ ಈರಕ್ಕ ಕೈಚೆಲ್ಲಿದಳು.

ಗಾಡಿ ಏರಿಯ ಇಳಿಜಾರಿಗೆ ಬಂದದ್ದೇ ತಡ, ಎತ್ತುಗಳು ಜಾರಿ ಮೊಣಕಾಲೂರಿದವು. ಗಾಲಿ ಅಚ್ಚಿನವರೆಗೆ ಹೂತಿತು. ಹೊಲಕ್ಕೆ ಬಂಗಾರದಂಥ ಆ ಹಾಳು ಮಣ್ಣು ಬೆಣ್ಣೆಯಾಗಿತ್ತು. ಸೋಮಪ್ಪ ಎರಡೂ ಕೈಯಿಂದ ಬಗೆದ, ಬಗೆದಷ್ಟೂ ತುಂಬಿಕೊಂಡಿತು. ಗಾಲಿಗೆ ಒತ್ತು ಕೊಡಲು ಒಂದು ಕಲ್ಲೂ ಸಿಕ್ಕಲಿಲ್ಲ.

"ಅಪ್ಪಾ, ಗಾಡಿ ಯಾಕ ನಿಂತತಿ?"

"ಈಗ ಹೊಂಡತೇತಿ ನನ್ನವ್ವಾ, ಈಗ."

ಹೊತ್ತು ಮುಳುಗುವುದರೊಳಗೆ ಗಾಡಿಯಲ್ಲೇ ಕಾಶೆವ್ವನೂ ಹೋದಳು, ಕೂಸೂ ಹೋಯಿತು.

ಬಿಸಿಲು ಬಿದ್ದು ರಸ್ತೆ ಒಣಗಿತು. ಮರದ ಕೆಳಗೆ ಮಳೆ ತಾಗದೆ ಉಳಿದ ಅಂಚಿನಲ್ಲಿ ಕಾಶೆವ್ವನ ಬೆರಳಿನ ಗೆರೆಗಳು ಹಾಗೇ ಇದ್ದವು. ಸೋಮಪ್ಪ ಅದಷ್ಟನ್ನು ಬಿಟ್ಟು ಉಳಿದುದನ್ನೆಲ್ಲ ಗುದ್ದಲಿಯಿಂದ ಅಗೆಯತೊಡಗಿದ. ಹೆಂಡತಿ ಗುರುಸಿದ್ದವ್ವ ಓಡಿಬಂದು ಕೈ ಹಿಡಿದಳು.

"ಸಾಕ ಮಾಡ್ರಿ. ಇನ್ನ ಯಾರ ಸಲುವಾಗಿ?"

"ಕಲ್ಲ ಹಾಕಬೇಕ" ಎಂದ ಸೋಮಪ್ಪ, ತಲೆಯೆತ್ತದೆ. "ನಮ್ಮ ಕಾಶಿ ದವಾಖಾನಿಗೆ ಹೋಗಬೇಕಲ್ಲ."